ದ್ರಾಕ್ಷಿ ಭರಣಿಗೆ ಹಾಕಿದ ಪುಡಿ

ಮಕ್ತಲ್‌ನ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ಗಂಧಕದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ವಾಕ್ಯ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ: ಗಂಧಕ ಉರಿದಾಗ ಬರುವ ಅನಿಲ ಉಸಿರು ಕಟ್ಟಿಸುತ್ತದೆ, ದಮ್ಮಿನ ರೋಗಿಗಳು ಇದರಿಂದ ದೂರ ಇರಬೇಕು. "ಪರೀಕ್ಷಾದಾಗ ಬರತೈತಿ, ಬರಕೊಳ್ರಿ" ಎಂದು ಮಕ್ಕಳನ್ನು ಗದರಿಸುತ್ತಿದ್ದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತು ಇರುವುದೇ ನನ್ನಂಥವರಿಗಾಗಿ. ನಾನು ನನ್ನ ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ. ಆ ನಾಚಿಕೆಯಿಂದಲೇ ಇಷ್ಟು ವರ್ಷ ತಡವಾಯಿತು.

ನಮ್ಮ ಮನೆ ಪಕ್ಕದ ನಾರಾಯಣಪೇಟೆಯಲ್ಲಿ, ಕರ್ನಾಟಕದ ಗಡಿಯಿಂದ ಆಚೆ. ನನ್ನ ಗಂಡ ನೇಕಾರರು. ಪಡಸಾಲೆಯ ಬಲಕ್ಕೆ ಅವರ ಅಜ್ಜ ತೋಡಿಸಿದ ಕುಣಿಮಗ್ಗ ಇತ್ತು. ನೆಲದಲ್ಲಿ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಅವರು ಸೀರೆ ನೇಯುವರು. ಕುಣಿಯಿಂದ ನಾಲ್ಕು ಮಾರು ದೂರ, ಕಿಟಕಿಯ ಬೆಳಕಿಗೆ, ನಮ್ಮ ಅತ್ತೆ ರಾಟಿಯ ಮುಂದೆ ಕೂತು ಮಗನ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುವರು. ಎಂಟು ವರ್ಷದವರಿದ್ದಾಗ ತವರಲ್ಲಿ ಹಿಡಿದ ರಾಟಿ. ಮದುವೆಯಾಗಿ ಬರುವಾಗ ಜೊತೆಗೇ ತಂದಿದ್ದರು. ಮಗ ಲಾಳಿ ಎಸೆಯುವ ಸದ್ದು, ತಾಯಿ ರಾಟಿ ತಿರುಗಿಸುವ ಸದ್ದು, ನಡುವೆ ಇಬ್ಬರ ಜಗಳ. "ನೂಲು ಬಿಗಿ ಆಗೈತಿ ಅವ್ವಾ." "ನಿನ್ನ ಕೈ ಬಿಗಿ ಆಗೈತಿ, ನೂಲಲ್ಲ." ದಿನವಿಡೀ ಹೀಗೇ. ನಾನು ಸಂಜೆ ಮಕ್ತಲ್ ಬಸ್ಸಿಳಿದು ಓಣಿಗೆ ತಿರುಗುವಾಗಲೇ ಆ ಸದ್ದು ಕೇಳಿಸುತ್ತಿತ್ತು. ಅತ್ತೆಗೆ ಮೊದಲಿನಿಂದ ಸ್ವಲ್ಪ ದಮ್ಮು ಇತ್ತು. ಚಳಿಗಾಲದಲ್ಲಿ ಎರಡು ದಿನ ಕೆಮ್ಮಿ, ಬಿಸಿನೀರು ಕುಡಿದು, ಮತ್ತೆ ರಾಟಿಯ ಮುಂದೆ ಕೂರುವಷ್ಟು ಮಾತ್ರ.

ಅತ್ತೆ ಕೆಟ್ಟವರಲ್ಲ. ಆದರೆ ಅವರ ಬಾಯಲ್ಲಿ ಒಂದು ಮಾತಿತ್ತು, ಕೈಗುಣ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ವರ್ಷಕ್ಕಿಡುವ ಖಾರಪುಡಿ, ಇವೆಲ್ಲ ಕೈಗುಣ ಇದ್ದವರಿಗೆ ಮಾತ್ರ ನಿಲ್ಲುತ್ತವೆ ಎಂದು ಅವರು ನಂಬಿದ್ದರು. ಅವರು ಹಾಕಿದ ಮಾವಿನಕಾಯಿ ಮೂರು ವರ್ಷ ನಿಲ್ಲುತ್ತಿತ್ತು. ನಾನು ಹಾಕಿದ್ದು ಶ್ರಾವಣಕ್ಕೆ ಬೂಸ್ಟು ಹಿಡಿಯುತ್ತಿತ್ತು. ಮದುವೆಯಾದ ಎರಡನೇ ವರ್ಷ ಒಂದು ಭರಣಿ ಲಿಂಬೆಕಾಯಿ ತಿಪ್ಪೆಗೆ ಹೋದ ಮೇಲೆ ಅವರು ನನಗೆ ಭರಣಿ ಮುಟ್ಟಲು ಕೊಡಲಿಲ್ಲ. ಬೈಯಲಿಲ್ಲ. "ನಿನಗ ಸಾಲಿ ಐತಲ್ಲವಾ, ಇದು ನಿನ್ನ ಕೈಗೆ ಒಗ್ಗಂಗಿಲ್ಲ" ಎಂದರು, ಅಷ್ಟೆ. ಬೈದಿದ್ದರೆ ಮರೆಯುತ್ತಿದ್ದೆ. ಮಕ್ಕಳಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವ ನನಗೆ ಒಂದು ಉಪ್ಪಿನಕಾಯಿ ಕೆಡದಂತೆ ಇಡಲು ಬರುವುದಿಲ್ಲ ಎನ್ನುವುದು ಹೊಟ್ಟೆಯಲ್ಲಿ ಉಳಿದುಬಿಟ್ಟಿತು.

ಶಾಲೆಯಲ್ಲಿ ನನ್ನ ಪಕ್ಕದ ಕುರ್ಚಿ ಇಂಗ್ಲಿಷ್ ಮೇಡಂದು. ಅವರು ಕ್ರೈಸ್ತರು, ಪ್ರತಿ ಕ್ರಿಸ್‌ಮಸ್ಸಿಗೆ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುವರು. ಒಮ್ಮೆ ನನಗೆ ಒಂದು ಗುಟುಕು ಕೊಟ್ಟರು. ಲಿಂಗ ಕಟ್ಟಿದ ಮನೆಯವಳು ನಾನು, ಬೇಡ ಎನ್ನಬೇಕಿತ್ತು. ಕುಡಿದೆ, ಚೆನ್ನಾಗಿತ್ತು. ಮಾಡುವ ಬಗೆ ಕೇಳಿಕೊಂಡೆ. ಕರಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಬಾಯಿಗೆ ಬಟ್ಟೆ ಕಟ್ಟಿದ ಭರಣಿ, ದಿನಕ್ಕೊಮ್ಮೆ ಕಟ್ಟಿಗೆಯ ಸೌಟಿನಿಂದ ತಿರುವುವುದು, ಇಪ್ಪತ್ತೊಂದು ದಿನಕ್ಕೆ ಸೋಸುವುದು. ಇದು ಉಪ್ಪಿನಕಾಯಿ ಅಲ್ಲ, ಅತ್ತೆಯ ರಾಜ್ಯಕ್ಕೆ ಸೇರಿದ್ದಲ್ಲ. ಇಲ್ಲಾದರೂ ನನ್ನ ಕೈ ತೋರಿಸಬಹುದು ಅನ್ನಿಸಿತು.

ಮನೆಯಲ್ಲಿ ಅದಕ್ಕೆ "ದ್ರಾಕ್ಷಿ ಔಷಧ" ಎಂದು ಹೆಸರಿಟ್ಟೆ. ಗಂಡ ಮೂಸಿ ನೋಡಿ ನಕ್ಕರು. ಅತ್ತೆ ಗದ್ದಲ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಬೇರೆಯೇ ಹೇಳಿದರು: "ಹುಳಿ ಬಂದದ್ದೆಲ್ಲಾ ಹೆಂಡ ಆದ್ರ ಅಂಬಲಿನೂ ಹೆಂಡನ. ಮಾಡು. ಆದ್ರ ಕೆಡಸಬ್ಯಾಡ, ದ್ರಾಕ್ಷಿ ಹಾಳಾಗತಾವ."

ಕೆಡಿಸಿದೆ. ಮೊದಲ ಸಲ ಪೂರ್ತಿ ಹುಳಿಯಾಗಿ ಮೂಗಿಗೆ ಹೊಡೆಯಿತು. ಎರಡನೇ ವರ್ಷ ಮೇಲೆ ಬಿಳಿ ಕೆನೆ ಕಟ್ಟಿತು. ಅತ್ತೆ ಭರಣಿಯೊಳಗೆ ಇಣುಕಿ, ಏನೂ ಹೇಳದೆ, ಕಂಡಿಕೆ ಸುತ್ತಲು ಹೋದರು. ಆ ಸುಮ್ಮನಿರುವಿಕೆ ನನಗೆ ಸಿಟ್ಟು ತರಿಸಿತು.

ಮೂರನೆಯ ವರ್ಷ, ದ್ರಾಕ್ಷಿಯ ಕಾಲಕ್ಕೇ, ದಿಲ್ಲಿಯಲ್ಲಿ ತೆಲಂಗಾಣದ ಮಸೂದೆ ಪಾಸಾಯಿತು. ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದರು. ತೆಲುಗು ಮಾಧ್ಯಮದವರು ಕುಣಿದರು, ಕನ್ನಡ ಮಾಧ್ಯಮದ ನಾವು ನಾಲ್ಕು ಜನ ಚಪ್ಪಾಳೆ ತಟ್ಟಿದೆವು. ನಿಜಾಮ ಹೋದಾಗಲೂ ತಟ್ಟಿದ್ದೆವು, ಆಂಧ್ರ ಬಂದಾಗಲೂ ತಟ್ಟಿದ್ದೆವು ಎಂದು ನಮ್ಮಲ್ಲಿನ ಹಿರಿಯ ಮೇಷ್ಟ್ರು ತಮಾಷೆ ಮಾಡಿದರು. ಇಂಗ್ಲಿಷ್ ಮೇಡಂ ನನ್ನತ್ತ ತಿರುಗಿ, ರಾಜ್ಯ ಬರುವ ದಿನಕ್ಕೆ ಈ ಸಲ ನಿಮ್ಮ ವೈನ್ ತೆಗೆಯೋಣ, ಅದಾದರೂ ಈ ಸಲ ವಿನೆಗರ್ ಆಗದಿರಲಿ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತು ನಾರಾಯಣಪೇಟೆ ಬರುವವರೆಗೆ ಹಲ್ಲು ಕಚ್ಚಿಕೊಂಡೇ ಇದ್ದೆ.

ಆ ಭಾನುವಾರ ಬೇರೆ ಕೆಲಸಕ್ಕೆ ರಾಯಚೂರಿಗೆ ಹೋದಾಗ ಬೇಕರಿ ಸಾಮಾನು, ಷರಬತ್ತಿನ ಸಾಮಾನು ಮಾರುವ ಅಂಗಡಿಗೆ ಹೊಕ್ಕೆ. ಸಲ್ಫೈಟ್ ಪುಡಿ ಬೇಕು ಎಂದೆ. ಹೆಸರು ಸರಿಯಾಗಿ ಹೇಳಿದ್ದಕ್ಕೆ ಅಂಗಡಿಯವರು ಗೌರವದಿಂದ ನೋಡಿದರು. "ಚಾಕುವಿನ ತುದೀಲೆ ಎಷ್ಟು ಬರತೈತೋ ಅಷ್ಟ ಹಾಕ್ರಿ ಮೇಡಂ, ಹೆಚ್ಚ ಮಾಡಬ್ಯಾಡ್ರಿ" ಎಂದರು. ನನಗೆ ಗೊತ್ತು ಎಂದೆ. ಗೊತ್ತೂ ಇತ್ತು. ಅದು ಹುಳಿ ತರುವ ಜೀವಿಗಳನ್ನು ಹೇಗೆ ತಡೆಯುತ್ತದೆ, ನೀರಿಗೆ ಬಿದ್ದರೆ ಗಂಧಕದ ಅದೇ ಅನಿಲವನ್ನು ಹೇಗೆ ಬಿಡುತ್ತದೆ, ಎಲ್ಲ ಗೊತ್ತಿತ್ತು. ವೈನ್ ಮಾಡುವವರು ಹಾಕುವ ವಸ್ತುವೇ ಅದು, ಅಳತೆ ಮೀರದೆ ಹಾಕಿ, ಹಾಕಿದ್ದೇನೆ ಎಂದು ಹೇಳಿದರೆ ತಪ್ಪೇನಿಲ್ಲ.

ನಾನು ಎರಡನ್ನೂ ಮಾಡಲಿಲ್ಲ.

ಶಾಲೆಯ ಪ್ರಯೋಗಾಲಯದಲ್ಲಿ ಗ್ರಾಮಿನ ಚೂರನ್ನೂ ತೂಗುವ ತಕ್ಕಡಿ ಇತ್ತು. ಅದರಲ್ಲಿ ತೂಗಿ ಪೊಟ್ಟಣ ಕಟ್ಟಿಕೊಂಡು ಬರಲು ಐದು ನಿಮಿಷ ಸಾಕಿತ್ತು. ತೂಗದೆ ಬರೆದ ಮಕ್ಕಳ ಲೆಕ್ಕಕ್ಕೆ ಸೊನ್ನೆ ಹಾಕಿದವಳು ನಾನು. ಮನೆಗೆ ಬಂದು ಭರಣಿಯ ಮುಂದೆ ನಿಂತಾಗ ಮಾತ್ರ ನನ್ನ ಕೈ ಉಪ್ಪಿನಕಾಯಿಯ ಕೈ ಆಯಿತು. ನಮ್ಮಲ್ಲಿ ಒಂದು ರೂಢಿ ಇದೆ. ಉಪ್ಪಿನಕಾಯಿಯ ಭರಣಿ ತೆಗೆದರೆ, ಮುಚ್ಚುವ ಮುಂಚೆ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಬೇಕು. ಮದುವೆಯಾದ ಮೊದಲ ತಿಂಗಳೇ ಅತ್ತೆ ಕಲಿಸಿದ್ದು: "ಭರಣಿ ತಗದ್ರ ಬರೇಗೈಲೆ ಮುಚ್ಚಬಾರದು." ನಾನು ದ್ರಾಕ್ಷಿಯ ಭರಣಿಯನ್ನು ತೆಗೆದಾಗಲೆಲ್ಲ ಒಂದು ಚಿಟಿಕೆ ಆ ಪುಡಿ ಉದುರಿಸಿ ಮುಚ್ಚಿದೆ. ಸೋಸುವಾಗ ಒಂದು, ರುಚಿ ನೋಡಿದಾಗ ಒಂದು, ಬಿಸಿಲು ಹೆಚ್ಚಾಯಿತಲ್ಲ ಎಂದು ಒಂದು. ಕಡ್ಡಿ ಗೀರಿದಾಗ ಬರುವಂಥ ಘಾಟು ಮೂಗಿಗೆ ಬಡಿದರೆ ಎರಡು ಲವಂಗ ಹೆಚ್ಚಿಗೆ ಹಾಕುತ್ತಿದ್ದೆ. ಪುಡಿಯ ಪೊಟ್ಟಣವನ್ನು ನನ್ನ ಸೀರೆಗಳ ಕೆಳಗೆ ಇಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಪೊಟ್ಟಣದಿಂದ ಬಂದದ್ದನ್ನು ಯಾರೂ ಕೈಗುಣ ಎನ್ನುವುದಿಲ್ಲವಲ್ಲ.

ಜೂನ್ ಎರಡಕ್ಕೆ ಬೇಸಿಗೆ ರಜೆ ಇದ್ದರೂ ಧ್ವಜ ಏರಿಸಲು ಎಲ್ಲರೂ ಶಾಲೆಗೆ ಬಂದಿದ್ದರು. ಒಂದು ಬಾಟಲಿ ಇಂಗ್ಲಿಷ್ ಮೇಡಂಗೆ ಕೊಟ್ಟೆ. ಮಾರನೆಯ ದಿನ ಅವರು ಫೋನು ಮಾಡಿ, ನನಗಿಂತ ಚೆನ್ನಾಗಿ ಮಾಡಿದ್ದೀರಿ, ಏನು ಹಾಕಿದಿರಿ ಎಂದು ಕೇಳಿದರು. "ಏನಿಲ್ಲ, ನೀವು ಹೇಳಿದ್ದಷ್ಟೆ" ಎಂದೆ. ಅದು ಮೊದಲನೆಯ ಸುಳ್ಳು. ಹೇಳಲು ಏನೂ ಕಷ್ಟವಾಗಲಿಲ್ಲ.

ಅದೇ ಸಂಜೆ ಮನೆಯಲ್ಲಿ ಅತ್ತೆಗೆ ಚಿಕ್ಕ ಹಿತ್ತಾಳೆ ಲೋಟದಲ್ಲಿ ಕೊಟ್ಟೆ. ಅವರು ಕಣ್ಣು ಮುಚ್ಚಿ ಕುಡಿದರು. ಬಣ್ಣ ನೋಡಿದರು. ಭರಣಿಯ ಹತ್ತಿರ ಹೋಗಿ ಬಟ್ಟೆ ಸರಿಸಿ, ಬೂಸ್ಟು ಇಲ್ಲ, ಕೆನೆ ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದರು. "ಬಂತು ನೋಡವಾ, ಕೈಗೆ ಗುಣ ಬಂತು" ಎಂದರು. ಇಪ್ಪತ್ತೆರಡು ವರ್ಷ ಕಾದ ಮಾತು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಪುಡಿಯ ನೆನಪೇ ಬರಲಿಲ್ಲ. ನಾನೇ ಮಾಡಿದೆ, ನನ್ನ ಕೈಯಿಂದಲೇ ಆಯಿತು ಎಂದೇ ಕಣ್ಣು ತುಂಬಿ ಬಂತು.

ಅಂದಿನಿಂದ ಅತ್ತೆ ದಿನಾ ಸಂಜೆ ಒಂದು ಲೋಟ ಕೇಳತೊಡಗಿದರು. ಓಣಿಯ ಹೆಂಗಸರ ಮುಂದೆ, ನಮ್ಮ ಸೊಸಿ ಔಷಧ ಮಾಡ್ಯಾಳ, ಏನೂ ಹಾಕಿಲ್ಲ, ಬರೇ ದ್ರಾಕ್ಷಿ ಎಂದು ಹೇಳುವರು. ಕೇಳಿಸಿಕೊಂಡು ನಾನು ಒಳಗೆ ಪಾತ್ರೆ ಜೋಡಿಸುತ್ತಿದ್ದೆ.

ಜುಲೈ ಹೊತ್ತಿಗೆ ಅವರ ಕೆಮ್ಮು ಹೆಚ್ಚಿತು. ಮಳೆ ಹಿಡಿದಿದೆ, ಅದಕ್ಕೇ ಎಂದರು ಗಂಡ. ನಾನೂ ಹೂಂ ಎಂದೆ. ಆದರೆ ಕೆಮ್ಮು ಬರುತ್ತಿದ್ದದ್ದು ಮಳೆಯ ಹೊತ್ತಿಗಲ್ಲ, ಲೋಟ ಕೆಳಗಿಟ್ಟ ಹತ್ತು ನಿಮಿಷಕ್ಕೆ. ಎದೆಯೊಳಗೆ ಸಿಳ್ಳೆ ಹೊಡೆದಂತೆ ಸದ್ದು. ಎರಡು ವಾರ ನೋಡಿದ ಮೇಲೆ ನನಗೆ ಸಂಶಯ ಬಂತು. ಬೋರ್ಡಿನ ಮೇಲೆ ನಾನೇ ಎಳೆದ ಆ ಎರಡು ಗೆರೆ ಕಣ್ಣ ಮುಂದೆ ಬಂದವು. ಅಂದೇ ಭರಣಿ ಎತ್ತಿ ಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ಕೈಗುಣ ಹೋಗುತ್ತದಲ್ಲ! ಲೋಟವನ್ನು ಅರ್ಧ ಮಾಡಿದೆ. ಅತ್ತೆ ಅರ್ಧಕ್ಕೆ ಒಪ್ಪಲಿಲ್ಲ. "ಕೆಮ್ಮ ಜಾಸ್ತಿ ಆಗೈತಿ, ಔಷಧ ಯಾಕ ಕಡಿಮಿ ಮಾಡತಿ? ಇನ್ನೊಂದಿಷ್ಟು ಹಾಕು" ಎಂದು ಲೋಟ ಮುಂದೆ ಹಿಡಿದರು. ನಾನು ಹಾಕಿದೆ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಮುಂಚೆ ಅವರೇ ಬಗ್ಗಿಸಿಕೊಂಡು ಕುಡಿದು ರಾಟಿಯ ಮುಂದೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ರಾಟಿಯ ಸದ್ದು ನಿಂತಿತು. ಗಂಡ ಮಗ್ಗದಿಂದಲೇ "ಯಾಕವ್ವಾ" ಎಂದರು. ನಾನು ಹೋಗಿ ನೋಡಿದರೆ ಅತ್ತೆ ಎರಡೂ ಕೈ ನೆಲಕ್ಕೂರಿ, ಬಾಯಿ ತೆರೆದು, ಉಸಿರಿಗಾಗಿ ಒದ್ದಾಡುತ್ತಿದ್ದರು. ಕತ್ತಿನ ನರ ಉಬ್ಬಿದ್ದವು. ತುಟಿ ಕಪ್ಪಾಗಿತ್ತು. ಗಂಡ ಕುಣಿಯಿಂದ ಹಾರಿ ಬಂದು ತಾಯಿಯನ್ನು ಎತ್ತಿಕೊಂಡರು, ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಮೂಗಿಗೆ ಹಬೆಯ ಮಾಸ್ಕ್ ಹಾಕಿ, ಇಂಜೆಕ್ಷನ್ ಕೊಟ್ಟು, ಒಂದು ತಾಸಿನ ಮೇಲೆ ಮುಖಕ್ಕೆ ಬಣ್ಣ ಬಂತು.

ಡಾಕ್ಟರು ತೆಲುಗಿನವರು. ಅತ್ತೆಗೆ ಸಂತೆಯ ತೆಲುಗು ಚೆನ್ನಾಗಿಯೇ ಬರುತ್ತಿತ್ತು, ಆದರೆ ಆ ಹೊತ್ತಿನಲ್ಲಿ ಅವರ ಬಾಯಿಗೆ ಕನ್ನಡವೊಂದೇ ಬಂತು. ಗಂಡ ಔಷಧಿ ತರಲು ಹೊರಗೆ ಹೋಗಿದ್ದರು. ಅತ್ತೆಯ ಮಾತನ್ನು ತೆಲುಗಿಗೆ, ಡಾಕ್ಟರ ಮಾತನ್ನು ಕನ್ನಡಕ್ಕೆ ಮಾಡುವವಳು ನಾನೇ ಆದೆ.

"ಕೊತ್ತಗಾ ಏಮೈನಾ ತಿನ್ನಾರಾ, ತಾಗಾರಾ?" ಎಂದು ಡಾಕ್ಟರು ಕೇಳಿದರು. ಹೊಸದಾಗಿ ಏನಾದರೂ ತಿಂದಿದ್ದಾರಾ, ಕುಡಿದಿದ್ದಾರಾ ಎಂದು. ನಾನು ಅತ್ತೆಗೆ ಅದನ್ನು ಹೇಳುವ ಮುಂಚೆಯೇ ಅವರು ಮಾಸ್ಕನ್ನು ಸ್ವಲ್ಪ ಸರಿಸಿ, ಒಂದೊಂದೇ ಮಾತಿಗೆ ಉಸಿರು ಎಳೆಯುತ್ತ ಹೇಳಿದರು: "ಸೊಸಿ ಮಾಡಿದ್ದು... ದ್ರಾಕ್ಷಿ ಔಷಧ... ದಿನಾ ಒಂದು ಲೋಟ. ಅದು ಬಿಟ್ರ ಏನಿಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ಏನಂದರು ಎಂದು ಕೇಳಿದರು.

"ಏಮೀ ಲೇದು ಡಾಕ್ಟರ್ ಗಾರೂ" ಎಂದೆ. ಏನೂ ಇಲ್ಲ ಎಂದೆ.

ಅವರು ಬರೆದುಕೊಂಡರು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಒಂದು ಕ್ಷಣ ನೋಡಿ, ಮಾಸ್ಕನ್ನು ಮತ್ತೆ ಮೂಗಿಗೆ ಎಳೆದುಕೊಂಡು ಕಣ್ಣು ಮುಚ್ಚಿದರು. ಅಷ್ಟು ವರ್ಷ ಪಾಠ ಹೇಳಿದ ಬಾಯಿ ನನ್ನದು, ನಾಲ್ಕು ಶಬ್ದವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಲಿಲ್ಲ. ಹೆದರಿಕೆ ಏನಾಗಿತ್ತು? ಪೊಲೀಸರು ಬರುತ್ತಿರಲಿಲ್ಲ, ನೌಕರಿ ಹೋಗುತ್ತಿರಲಿಲ್ಲ. ಏನು ಹಾಕಿದ್ದೀರಿ ಎಂದು ಡಾಕ್ಟರು ಕೇಳುತ್ತಾರೆ, ಸಲ್ಫೈಟ್ ಎನ್ನಬೇಕಾಗುತ್ತದೆ, ಎಷ್ಟು ಎನ್ನುತ್ತಾರೆ, ಗೊತ್ತಿಲ್ಲ ಎನ್ನಬೇಕಾಗುತ್ತದೆ, ವಿಜ್ಞಾನದ ಮೇಡಂ ಆಗಿ ಹೀಗಾ ಎನ್ನುತ್ತಾರೆ. ಇಷ್ಟೇ ಹೆದರಿಕೆ.

ಬೇರೆ ಕಾರಣ ಏನೂ ಸಿಗದೆ ಡಾಕ್ಟರು ಮನೆಯ ವಿಷಯ ಕೇಳಿದರು. ಮಗ್ಗ ಇದೆ, ರಾಟಿ ಇದೆ ಎಂದೆ. ಅದನ್ನು ಮಾತ್ರ ಸ್ಪಷ್ಟವಾಗಿ ಹೇಳಿದೆ. ಅಷ್ಟರಲ್ಲಿ ಗಂಡ ಬಂದರು. ಡಾಕ್ಟರು ಅವರಿಗೆ ತಿಳಿಸಿದರು: ನೂಲಿನ ಧೂಳು ಇವರ ಶ್ವಾಸಕ್ಕೆ ಆಗುತ್ತಿಲ್ಲ, ಇನ್ನು ಮುಂದೆ ಮಗ್ಗ, ರಾಟಿ ಯಾವುದರ ಹತ್ತಿರವೂ ಸುಳಿಯಬಾರದು. ಗಂಡ ತಲೆ ತಗ್ಗಿಸಿಕೊಂಡು ಕೇಳಿದರು. ಅವರ ಅಂಗಿಯ ತೋಳಿನ ಮೇಲೆ ಹತ್ತಿಯ ಎಳೆ ಇದ್ದವು. ಒಂದೊಂದಾಗಿ ಅವನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

ನಾನು ಮನೆಗೆ ಬಂದ ಕೂಡಲೇ ಭರಣಿಯನ್ನು ಬಚ್ಚಲಲ್ಲಿ ಚೆಲ್ಲಿ, ಪುಡಿಯ ಪೊಟ್ಟಣವನ್ನು ಅದರ ಹಿಂದೆಯೇ ಸುರಿದು ನೀರು ಬಿಟ್ಟೆ. ಅತ್ತೆ ಕೇಳಿದಾಗ ಮುಗಿಯಿತು ಎಂದೆ. ಗಂಡ ನಾಲ್ಕೇ ದಿನದಲ್ಲಿ ಮಗ್ಗವನ್ನು ಬಿಚ್ಚಿ, ಎರಡು ಓಣಿ ಆಚೆಗಿದ್ದ ಒಂದು ಖೋಲಿ ಬಾಡಿಗೆಗೆ ಹಿಡಿದು ಅಲ್ಲಿಗೆ ಸಾಗಿಸಿದರು. ಕುಣಿಗೆ ಮೊರಂ ಮಣ್ಣು ಸುರಿದು, ನೀರು ಹೊಡೆದು, ಧಮ್ಮಸ್ಸಿನಿಂದ ಬಡಿದು ಗಟ್ಟಿ ಮಾಡಿ, ಮೇಲೆ ಶಹಾಬಾದಿ ಕಲ್ಲು ಹಾಸಿದರು. ಅವರ ಅಜ್ಜ ತೋಡಿಸಿದ ಕುಣಿ. ಧಮ್ಮಸ್ಸು ಬಡಿಯುವ ಪ್ರತಿ ಪೆಟ್ಟಿಗೂ, ಈಗ ಹೇಳಿಬಿಡಲೇ ಎಂದುಕೊಂಡೆ. ಗಂಡನ ಮುಖ ನೋಡಿದಾಗ ಧೈರ್ಯ ಬರಲಿಲ್ಲ. ರಾಟಿ ಕಣ್ಣಿಗೆ ಬಿದ್ದರೆ ಅತ್ತೆ ಮುಟ್ಟದೆ ಬಿಡುವುದಿಲ್ಲ ಎಂದು ಅದನ್ನು ಗದ್ವಾಲಕ್ಕೆ, ನನ್ನ ತವರಿಗೆ ಕಳಿಸಿದರು. ಅಲ್ಲಿ ನನ್ನ ಅಣ್ಣನೂ ನೇಕಾರನೇ, ಅತ್ತಿಗೆಗೆ ಉಪಯೋಗಕ್ಕೆ ಬಂತು.

ಅತ್ತೆ ಹದಿನೈದು ದಿನದಲ್ಲಿ ಚೆನ್ನಾದರು. ನೋಡಿ, ಧೂಳೇ ಕಾರಣ ಎಂದು ಓಣಿಯೆಲ್ಲ ಹೇಳಿತು. ಒಂದೇ ಪ್ರಯೋಗದಲ್ಲಿ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಹೇಳಲಾಗುವುದಿಲ್ಲ ಎಂದು ಒಂಬತ್ತನೇ ತರಗತಿಯ ಮಕ್ಕಳಿಗೂ ಗೊತ್ತು. ನಾನು ಅದರ ಹಿಂದೆಯೇ ಅಡಗಿ ಕೂತೆ. ಧೂಳೂ ಇರಬಹುದಲ್ಲ, ಖಂಡಿತ ಪುಡಿಯಿಂದಲೇ ಎಂದು ಯಾರು ಹೇಳಿದರು ಎಂದು ನನಗೆ ನಾನೇ ವಾದ ಮಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರಾದರೂ ದ್ರಾಕ್ಷಿ ಎಂದರೆ ಸಾಕು, ಮಾತು ತಿರುಗಿಸುತ್ತಿದ್ದೆ. ಮನೆ ಮಾತ್ರ ಸುಮ್ಮನಾಗಿಬಿಟ್ಟಿತ್ತು. ಅತ್ತೆ ಕಿಟಕಿಯ ಹತ್ತಿರ ಅದೇ ಜಾಗದಲ್ಲಿ ಕೂತು, ಮಡಿಲಲ್ಲಿ ಕೈ ಇಟ್ಟುಕೊಂಡು, ಹೊರಗೆ ನೋಡುತ್ತಿದ್ದರು. ಕೂತಲ್ಲೇ ತೂಕಡಿಸುವರು. ಹಿಂದೆಂದೂ ಹಗಲು ತೂಕಡಿಸಿದವರಲ್ಲ.

ಎರಡು ವರ್ಷದ ಮೇಲೆ, ಗದ್ವಾಲ ಜಿಲ್ಲೆಯಾದ ವರ್ಷ, ನನ್ನ ಅಣ್ಣನ ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲ ಕಾರ್ಯ ಇತ್ತು. ಅತ್ತೆಯನ್ನು ಕರೆದುಕೊಂಡು ಒಂದು ದಿನ ಮುಂಚೆಯೇ ಹೋದೆ, ಗಂಡ ಬರಲಿಲ್ಲ. ಅಲ್ಲಿ ಹಿತ್ತಲ ಕೋಣೆಯಲ್ಲಿ ಅತ್ತೆಗೆ ಅವರ ರಾಟಿ ಕಂಡಿತು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಕೂತುಬಿಟ್ಟಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಸುತ್ತಿದರು. ಪಕ್ಕದಲ್ಲೇ ಅಣ್ಣನ ಮಗ್ಗ ನಡೆಯುತ್ತಿತ್ತು, ಕಿಟಕಿಯ ಬಿಸಿಲಲ್ಲಿ ಹತ್ತಿಯ ಧೂಳು ಕಣ್ಣಿಗೆ ಕಾಣುತ್ತಿತ್ತು. ಅತ್ತೆಗೆ ಒಂದು ಕೆಮ್ಮೂ ಬರಲಿಲ್ಲ. "ನೋಡವಾ, ಇದ್ರಾಗ ಏನಾತು ನನಗ?" ಎಂದು ನಗುತ್ತ ಬುಟ್ಟಿ ತುಂಬ ಕಂಡಿಕೆ ತೋರಿಸಿದರು.

ಊಟವಾದ ಮೇಲೆ ಅಂಗಳದಲ್ಲಿ ಎಲ್ಲರಿಗೂ ಬಾಟಲಿಯ ಲಿಂಬು ಷರಬತ್ತು ಕೊಟ್ಟರು. ಅತ್ತೆ ಅರ್ಧ ಲೋಟ ಕುಡಿದಿರಬೇಕು. ಅದೇ ಸಿಳ್ಳೆ, ಅದೇ ಬಾಯಿ ತೆರೆದ ಒದ್ದಾಟ. ಈ ಸಲ ಅವರ ಬಳಿ ಡಾಕ್ಟರು ಕೊಟ್ಟ ಸೇದುವ ಪಂಪ್ ಇತ್ತು, ಬೇಗ ಹಿಡಿತಕ್ಕೆ ಬಂತು. ನಾನು ಷರಬತ್ತಿನ ಬಾಟಲಿ ತಿರುಗಿಸಿ ಚೀಟಿ ಓದಿದೆ. ಕೆಡದಂತೆ ಇಡಲು ಹಾಕಿದ ಪುಡಿಯ ಹೆಸರು ಸಣ್ಣ ಅಕ್ಷರದಲ್ಲಿ ಇತ್ತು, ನನ್ನ ಪುಡಿಯೇ. ವಾದ ಮಾಡಲು ಇನ್ನೇನೂ ಉಳಿಯಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ ಮತ್ತೆ ರಾಟಿಯ ಮುಂದೆ ಕೂತಿದ್ದಾಗ ಬಾಗಿಲು ಸರಿಸಿ ಎದುರು ಕೂತೆ.

"ಅತ್ತಿ, ಆ ದ್ರಾಕ್ಷಿ ಔಷಧದಾಗ ನಾ ಪುಡಿ ಹಾಕಿದ್ದೆರಿ."

"ಏನು ಪುಡಿ?"

"ಕೆಡದಂಗ ಇರಾಕ ಹಾಕೋದು. ಗಂಧಕದ್ದು. ಅದರಲೇ ನಿಮಗ ದಮ್ಮು ಬಂದಿದ್ದು. ನಿನ್ನೆ ಷರಬತ್ತದಾಗೂ ಅದ ಇತ್ತು."

ಅವರು ರಾಟಿ ನಿಲ್ಲಿಸಿದರು. "ಹಂಗಾದ್ರ ರಾಟೀದೇನೂ ತಪ್ಪಿಲ್ಲ?"

"ಇಲ್ಲರಿ."

"ಮಗ್ಗದ್ದು?"

"ಇಲ್ಲರಿ."

ಅವರು ಬುಟ್ಟಿಯ ಕಂಡಿಕೆಗಳನ್ನು ಒಮ್ಮೆ ನೋಡಿದರು. ನೂಲಿನ ತುದಿ ಬೆರಳಲ್ಲೇ ಇತ್ತು. "ಡಾಕ್ಟರ್ ಮುಂದ ನೀ ನನ್ನ ಮಾತು ನುಂಗಿದ್ದು ನನಗ ಅವತ್ತ ಗೊತ್ತಾತು" ಎಂದರು. "ಲಿಂಗ ಕಟ್ಟಿದ ಮುದುಕಿ ಹೆಂಡ ಕುಡೀತಾಳ ಅಂತ ಅವ್ರು ನಕ್ಕಾರು ಅಂತ ನೀ ನನ್ನ ಮಾನ ಕಾಯ್ದಿ ಅಂದ್ಕೊಂಡಿದ್ದೆ. ಅದಕ್ಕ ನಾನೂ ಸುಮ್ಮನಾದೆ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಲು ಹಿಡಿಯಲು ಬಗ್ಗಿದೆ. ಅವರು ಕಾಲು ಒಳಗೆ ಎಳೆದುಕೊಂಡರು.

"ನನ್ನ ಮಗಗ ಹೇಳು. ತನ್ನ ಮಗ್ಗದ್ಲೇ ಅವ್ವನ ಉಸುರು ಕಟ್ಟಿತು ಅಂತ ತಿಳಕೊಂಡಾನ ಅವ. ನಾ ಹೇಳಾಂಗಿಲ್ಲ. ನಾ ಹೇಳಿದ್ರ ಸೊಸಿ ಮ್ಯಾಲ ಚಾಡಿ ಹೇಳಿದಂಗ ಆಕ್ಕೈತಿ. ನೀನ ಹೇಳು."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹಬ್ಬ ಆಗಲಿ, ಪರೀಕ್ಷೆಗಳು ಮುಗಿಯಲಿ, ಗಂಡ ಹಿಡಿದ ಸೀರೆ ಮಗ್ಗದಿಂದ ಇಳಿಯಲಿ ಎಂದು ಮುಂದೂಡಿದೆ. ರಾಟಿಯನ್ನು ಗದ್ವಾಲದಿಂದ ತರಿಸಬೇಕಿತ್ತು. ತರಿಸಿದರೆ ಯಾಕೆ ಎಂದು ಗಂಡ ಕೇಳುತ್ತಾರೆ. ಅದಕ್ಕೇ ತರಿಸಲಿಲ್ಲ. ಅತ್ತೆ ಮತ್ತೊಮ್ಮೆ ಕೇಳಲಿಲ್ಲ. ನಾನು ಸಂಜೆ ಬಸ್ಸಿಳಿದು ಬಂದಾಗ ಒಂದು ಸಲ ನನ್ನ ಮುಖ ನೋಡುವರು, ಆಮೇಲೆ ಮಗನ ಮುಖ ನೋಡುವರು, ಇನ್ನೂ ಹೇಳಿಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ನನ್ನೊಡನೆ ಮಾತು ಬಿಡಲಿಲ್ಲ. ಉಣ್ಣು, ಮಲಗು, ಬಸ್ಸು ತಪ್ಪುತ್ತದೆ, ಇಂಥ ಮಾತೆಲ್ಲ ಇದ್ದವು. "ನೋಡವಾ" ಎನ್ನುವುದನ್ನು ಮಾತ್ರ ಬಿಟ್ಟರು.

ಅದಾಗಿ ಮೂರನೇ ವರ್ಷ, ನಾರಾಯಣಪೇಟೆಯೂ ಜಿಲ್ಲೆಯಾದಾಗ, ಅವರು ತೀರಿಕೊಂಡರು. ದಮ್ಮಿನಿಂದ ಅಲ್ಲ, ವಯಸ್ಸಾಗಿ, ನಿದ್ದೆಯಲ್ಲಿ. ಮಣ್ಣು ಮಾಡುವಾಗ ಗಂಡ ಎಲ್ಲರ ಮುಂದೆ ಅತ್ತರು. "ನನ್ನ ಮಗ್ಗ ನಮ್ಮವ್ವನ ಅರ್ಧಾ ಆಯುಷ್ಯ ತಿಂತು" ಎಂದರು. ನಾನು ಅಲ್ಲೇ ನಿಂತಿದ್ದೆ, ಹಿಡಿ ಮಣ್ಣು ಕೈಯಲ್ಲಿತ್ತು. ಆಗಲೂ ಬಾಯಿ ಬಿಡಲಿಲ್ಲ.

ನಾನು ನಿವೃತ್ತಳಾಗಿ ಈಗ ಮನೆಯಲ್ಲೇ ಇದ್ದೇನೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಗಂಡ ಉಣ್ಣಲು ಕೂತಾಗ ಹೇಳಿದೆ. ಮೊದಲಿನಿಂದ ಹೇಳಿದೆ, ರಾಯಚೂರಿನ ಅಂಗಡಿಯಿಂದ ಡಾಕ್ಟರ ಮುಂದೆ ನುಂಗಿದ ಮಾತಿನವರೆಗೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಬೈಯುತ್ತಾರೆ, ತಟ್ಟೆ ಎಸೆಯುತ್ತಾರೆ ಎಂದು ಕಾದೆ. ಎಸೆದಿದ್ದರೆ ಒಳ್ಳೆಯದಿತ್ತು.

"ಅವ್ವಗ ಗೊತ್ತಿತ್ತೇನು?" ಎಂದು ಕೇಳಿದರು.

"ಗೊತ್ತಿತ್ತು. ಗದ್ವಾಲಕ್ಕ ತೊಟ್ಟಿಲ ಕಾರ್ಯಕ್ಕ ಹೋದಾಗ ಹೇಳಿದ್ದೆ. ನಿಮಗ ನಾನ ಹೇಳಬೇಕು ಅಂದಿದ್ರು."

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕೈ ತೊಳೆಯಲಿಲ್ಲ, ಏಳಲೂ ಇಲ್ಲ. ನೆಲದ ಕಲ್ಲು ನೋಡುತ್ತ ಕೂತಿದ್ದರು. ಮಾತಾಡಿದಾಗಲೂ ನನ್ನ ಕಡೆ ತಿರುಗಲಿಲ್ಲ.

"ಗದ್ವಾಲದಿಂದ ಬಂದ ಮ್ಯಾಲ ಆಕಿ ದಿನಾ ಮಧ್ಯಾಹ್ನ ನನ್ನ ಮಗ್ಗದ ಖೋಲಿಗೆ ಬರತಿದ್ಲು. ನೀ ಸಾಲಿಗೆ ಹೋಗಿರತಿದ್ದಿ. ಒಂದು ಗಳಿಗಿ ಒಳಗ ಕುಂದರತೀನೋ, ನೀ ನೇಯೋದು ನೋಡತೀನಿ ಅಂತಿದ್ಲು. ಧೂಳು ಐತಿ, ಸಾಯಾಕ ಬರತಿಯೇನು ಅಂತ ಬೈದು ಕಳಸತಿದ್ದೆ. ಮೂರು ವರ್ಷ ಬಂದಳು. ಕಡೀ ಕಡೀಕ, ಆಕಿ ಓಣಿಯಾಗ ಬರೋದು ಕಂಡ್ರ ಸಾಕು, ನಾನ ಎದ್ದು ಬಾಗಲಾ ಹಾಕ್ಕೊಂತಿದ್ದೆ."